ಕೊಳವೆ ಬಾಗಿಸಿದವರು

ಎರಡು ವರ್ಷದ ಹಿಂದಿನ ದೀಪಾವಳಿಗೆ ನನ್ನ ತಂಗಿಯ ಮಗಳು ನಮ್ಮ ಮನೆಗೆ ಬಂದಾಗ, ಬಟ್ಟೆಯ ಚೀಲದ ಜೊತೆಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಕಬ್ಬಿಣದ ತುಂಡನ್ನೂ ತಂದಿದ್ದಳು. ನೀರು ತುಂಬುವ ಹಬ್ಬದ ಸಂಜೆ. ಹಂಡೆಯೊಲೆಯ ಮುಂದೆ ಕುಳಿತಿದ್ದ ನಮ್ಮತ್ತೆ ಅದನ್ನು ಕಂಡು, “ಊದುಕೊಳವೆ ಯಾಕೆ ಹೀಗೆ ಸೊಟ್ಟಗಾಗಿದೆ? ಯಾರಾದರೂ ತುಳಿದರೇನು?” ಎಂದರು. ಹುಡುಗಿ ನಗಲಿಲ್ಲ. ಅವಳ ಮುಖ ನೋಡಿದರೆ ಪರೀಕ್ಷೆಯಲ್ಲಿ ನಪಾಸಾದವಳ ಹಾಗಿತ್ತು.

ಅದು ಊದುಕೊಳವೆಯಲ್ಲ. ಅವಳು ಓದುವ ಎಂಜಿನಿಯರಿಂಗ್ ಕಾಲೇಜಿನ ಇಪ್ಪತ್ತು ಮಂದಿ ಸೇರಿ, ರಸ್ತೆಯೇ ಇಲ್ಲದ ಕಡೆ ಓಡುವ ಒಂಟಿ ಸೀಟಿನ ಬಂಡಿಯೊಂದನ್ನು ತಮ್ಮ ಕೈಯಾರೆ ಕಟ್ಟುತ್ತಿದ್ದರು. ‘ಬಾಹಾ’ ಎಂಬ ಸ್ಪರ್ಧೆಗೆ. ಈ ಬಂಡಿಗೆ ನಮ್ಮ ಕಾರುಗಳಿಗಿರುವಂತೆ ತಗಡಿನ ಮೈ ಇರುವುದಿಲ್ಲ. ಉಕ್ಕಿನ ಕೊಳವೆಗಳನ್ನು ಬಾಗಿಸಿ, ಬೆಸೆದು, ಹಕ್ಕಿಯ ಪಂಜರದ ಹಾಗೆ ಒಂದು ಗೂಡು ಕಟ್ಟುತ್ತಾರೆ. ಓಡಿಸುವವರು ಅದರೊಳಗೆ ಕೂರಬೇಕು. ಬಂಡಿ ಮಗುಚಿದರೆ ತಲೆಗೂ ನೆಲಕ್ಕೂ ನಡುವೆ ಉಳಿಯುವುದು ಆ ಕೊಳವೆಯೊಂದೇ. ಇವಳು ತಂದಿದ್ದ ತುಂಡು ಹಾಗೆ ಬಾಗಿಸಿದ ಕೊಳವೆಗಳಲ್ಲಿ ಒಂದರಿಂದ ಕತ್ತರಿಸಿದ್ದು. ಊರಿನ ಒಂದು ವರ್ಕ್‌ಶಾಪಿನಲ್ಲಿ ನೀರಿನ ಪೈಪು ಬಾಗಿಸುವ ಯಂತ್ರವಿತ್ತಂತೆ, ಅಲ್ಲೇ ಅಷ್ಟನ್ನೂ ಬಾಗಿಸಿಕೊಂಡು ಬಂದಿದ್ದರು. ಮೊಣಕೈ ಮಡಿಸಿದಾಗ ರವಿಕೆಯ ತೋಳಿನ ಒಳಮಗ್ಗುಲಲ್ಲಿ ನೆರಿಗೆ ಬೀಳುತ್ತದಲ್ಲ, ಹಾಗೆ ಬಾಗಿದ ಜಾಗದ ಒಳಮಗ್ಗುಲಲ್ಲಿ ನೆರಿಗೆ ಬಿದ್ದಿತ್ತು. ದುಂಡಗಿರಬೇಕಾದ ಕೊಳವೆ ಅಲ್ಲಿ ಚಪ್ಪಟೆಯಾಗಿತ್ತು.

ತಂಡದಲ್ಲಿ ಎರಡು ಪಕ್ಷವಾಗಿತ್ತು. ಬಣ್ಣ ಹೊಡೆದರೆ ಏನೂ ಕಾಣುವುದಿಲ್ಲ, ಸ್ಪರ್ಧೆಗೆ ಇನ್ನು ಮೂರು ತಿಂಗಳಿಲ್ಲ ಎಂದು ಒಂದು ಪಕ್ಷ. ಎಲ್ಲವನ್ನೂ ಎಸೆದು, ಸರಿಯಾದ ಯಂತ್ರ ಕೊಂಡು ಮೊದಲಿನಿಂದ ಶುರುಮಾಡಬೇಕು ಎಂದು ಇನ್ನೊಂದು. ಎರಡನೆಯ ಪಕ್ಷದಲ್ಲಿ ಇದ್ದವಳು ಹೆಚ್ಚುಕಡಿಮೆ ಇವಳೊಬ್ಬಳೇ. ತಂಡದಲ್ಲಿ ಎಲ್ಲರಿಗಿಂತ ತೂಕ ಕಡಿಮೆ ಎಂದು ಬಂಡಿ ಓಡಿಸಲು ಆರಿಸಿದ್ದೂ ಇವಳನ್ನೇ. ಅಮ್ಮನಿಗೆ ಹೇಳಿದರೆ ಕಾಲೇಜೇ ಬಿಡಿಸುತ್ತಾಳೆ ಎಂಬ ಭಯದಿಂದ ದೊಡ್ಡಮ್ಮನ ಹತ್ತಿರ ಬಂದಿದ್ದಳು. “ಹೆದರಿಕೆಗೆ ಹೀಗಂತೀಯ ಅಂತಾರೆ ದೊಡ್ಡಮ್ಮ. ಏನು ಹೇಳಲಿ?”

ನಾನು ಬಿ.ಎ., ಬಿ.ಎಡ್. ಮಾಡಿದವಳು, ಮಕ್ಕಳಿಗೆ ಇತಿಹಾಸ ಹೇಳುವವಳು. ಉಕ್ಕಿನ ವಿಷಯ ನನಗೇನು ಗೊತ್ತು? ನನಗೆ ಗೊತ್ತಿರುವುದು ಒಂದೇ ದಾರಿ: ಇದನ್ನು ಮೊದಲು ಯಾರು ಮಾಡಿದರು, ಎಲ್ಲಿ, ಯಾವಾಗ, ಯಾಕೆ ಎಂದು ಕೇಳುವುದು. ಹಬ್ಬದ ಮೂರು ದಿನವೂ ಹೋಳಿಗೆಯ ಹೂರಣದ ನಡುವೆ ಅದನ್ನೇ ಕೇಳಿದೆ. ಅವಳು ಹೋದಮೇಲೂ ಬಿಡದೆ ಓದಿದೆ. ಒಂದು ಬಾಗಿದ ಕೊಳವೆಯ ಹಿಂದೆ ಇಷ್ಟೊಂದು ಜನ ನಿಂತಿದ್ದಾರೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಮೊದಲು ಕೊಳವೆಯೇ ಹೇಗೆ ಬಂತು ನೋಡಿ. ತಗಡನ್ನು ಸುರುಳಿ ಸುತ್ತಿ ಅಂಚಿಗೆ ಅಂಚು ಬೆಸೆಯುವುದು ಹಳೆಯ ಪದ್ಧತಿ. ಬಂದೂಕಿನ ನಳಿಗೆಯನ್ನು ಹಾಗೆಯೇ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಗ್ಯಾಸಿನ ದೀಪಗಳು ಬಂದಾಗ, ಗ್ಯಾಸ್ ಹರಿಸಲು ಹಳೆಯ ಬಂದೂಕಿನ ನಳಿಗೆಗಳನ್ನು ಒಂದಕ್ಕೊಂದು ಜೋಡಿಸಿದರೆಂದು ಹೇಳುತ್ತಾರೆ. ಕೊಲ್ಲುವುದಕ್ಕೆ ಮಾಡಿದ್ದು ದೀಪಕ್ಕಾಯಿತು. 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಎಂಬಾತ, ಕಾದ ಕಬ್ಬಿಣದ ಪಟ್ಟಿಯನ್ನು ಎಳೆದು ಉದ್ದನೆಯ ಕೊಳವೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಆದರೂ ಬೆಸುಗೆಯ ಗೆರೆಯೊಂದು ಉಳಿದೇ ಇರುತ್ತಿತ್ತು. ಒತ್ತಡ ಹೆಚ್ಚಾದರೆ ಸಿಡಿಯುತ್ತಿದ್ದುದು ಆ ಗೆರೆಯಲ್ಲಿಯೇ.

ಮುಂದಿನದು 1885. ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ವರ್ಷ ಇದು. ಮುಂಬಯಿಯಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ ಸ್ಥಾಪನೆಯಾಯಿತು ಎಂದು ನೀವೂ ಬಾಯಿಪಾಠ ಮಾಡಿದ್ದೀರಿ. ಅದೇ 1885ರಲ್ಲಿ ಜರ್ಮನಿಯ ರೆಮ್‌ಶೈಡ್ ಎಂಬ ಊರಿನಲ್ಲಿ ರೈನ್‌ಹಾರ್ಡ್ ಮತ್ತು ಮ್ಯಾಕ್ಸ್ ಮನ್ನೆಸ್‌ಮನ್ ಎಂಬ ಅಣ್ಣತಮ್ಮಂದಿರು, ಕಾದ ಉಕ್ಕಿನ ಗಟ್ಟಿ ಸರಳನ್ನು ಓರೆಯಾಗಿ ಇಟ್ಟ ಎರಡು ಉರುಳೆಗಳ ನಡುವೆ ಹಾಯಿಸಿ, ಬೆಸುಗೆಯೇ ಇಲ್ಲದ ಕೊಳವೆ ಮಾಡುವುದನ್ನು ಕಂಡುಹಿಡಿದರು. ಅದೇ ವರ್ಷ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಸ್ಟಾರ್ಲಿ ‘ರೋವರ್’ ಎಂಬ ಸೈಕಲ್ ಮಾಡಿದ. ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿದ್ದು, ಹಿಂದಿನ ಚಕ್ರಕ್ಕೆ ಸರಪಳಿ ಇದ್ದ, ಇವತ್ತಿನ ಸೈಕಲ್ಲುಗಳ ಮೂಲಪುರುಷ ಅದು. ಅದೇ ವರ್ಷ ಜರ್ಮನಿಯ ಮನ್‌ಹೈಮ್‌ನಲ್ಲಿ ಕಾರ್ಲ್ ಬೆಂಜ್ ಮೂರು ಚಕ್ರದ ಮೋಟಾರು ಬಂಡಿ ಕಟ್ಟಿದ. ಅದರ ಚೌಕಟ್ಟು ಕೂಡ ಉಕ್ಕಿನ ಕೊಳವೆಯದೇ. ಹಾಗಾಗಿ ಕೊಳವೆಯ ಬಂಡಿ ಈಗಿನ ಹುಡುಗರ ಹುಚ್ಚು ಎಂದುಕೊಳ್ಳಬೇಡಿ, ಮೋಟಾರು ಬಂಡಿ ಹುಟ್ಟಿದ್ದೇ ಕೊಳವೆಯ ಮೇಲೆ.

ಆ ಬಂಡಿಯನ್ನು ಮೊದಲು ದೂರ ಓಡಿಸಿದ್ದು ಒಬ್ಬ ಹೆಣ್ಣುಮಗಳು ಎಂಬುದನ್ನು ಹುಡುಗಿಗೆ ಹೇಳಿದಾಗ ಅವಳು ಮೊದಲ ಸಲ ನಕ್ಕಳು. 1888ರ ಆಗಸ್ಟ್‌ನಲ್ಲಿ ಬೆಂಜ್‌ನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟುಬಿಟ್ಟಳು. ಸುಮಾರು 100 ಕಿಲೋಮೀಟರ್. ಎಲ್ಲಿಗೆ ಅಂತೀರಿ? ತವರುಮನೆಗೆ. ಆ ಬಂಡಿಗೆ ಹಾಕಿದ ಬಂಡವಾಳದಲ್ಲಿ ಅವಳ ವರದಕ್ಷಿಣೆಯ ಹಣವೂ ಇತ್ತು. ಎತ್ತಿನ ಗಾಡಿ, ಕುದುರೆ ಗಾಡಿಗಳಿಗೆ ಮಾಡಿದ ದಾರಿಯಲ್ಲಿ ಹೋಗುವಾಗ ಇಂಧನದ ಸಣ್ಣ ಕೊಳವೆ ಕಟ್ಟಿಕೊಂಡಿತು. ಬರ್ತಾ ತನ್ನ ಟೋಪಿಯ ಪಿನ್ನು ತೆಗೆದು ಅದನ್ನು ಬಿಡಿಸಿದಳು. ಇಳಿಜಾರಿನಲ್ಲಿ ಬ್ರೇಕು ಸವೆದಾಗ ಚಮ್ಮಾರನೊಬ್ಬನ ಕೈಯಲ್ಲಿ ಅದಕ್ಕೆ ಚರ್ಮ ಹೊಡೆಸಿದಳು. ಯಂತ್ರ ಮಾಡಿದವನಿಗೆ ತಿಳಿಯದ ತೊಂದರೆಗಳು ಅದರ ಮೇಲೆ ಕೂತು ಹೋದವಳಿಗೆ ತಿಳಿದವು. ಓಡಿಸುವವಳ ಮಾತಿಗೆ ಬೆಲೆ ಇದೆ ಎನ್ನುವುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕೇ?

ಕೊಳವೆ ಸಿಕ್ಕಿತು, ಆದರೆ ಅದನ್ನು ಬಾಗಿಸುವುದು ಬೇರೆಯೇ ವಿದ್ಯೆ. ಕೆಸುವಿನ ದಂಟನ್ನೋ ತೋಟಕ್ಕೆ ನೀರು ಬಿಡುವ ರಬ್ಬರ್ ಕೊಳವೆಯನ್ನೋ ಬಾಗಿಸಿ ನೋಡಿ. ಸ್ವಲ್ಪ ದೂರ ಚೆನ್ನಾಗಿ ಬಾಗುತ್ತದೆ, ಆಮೇಲೆ ಒಮ್ಮೆಲೇ ಒಂದೆಡೆ ಮಡಿದು ಕೂರುತ್ತದೆ. ಬಾಗಿಸುವಾಗ ಹೊರಮಗ್ಗುಲು ಹಿಗ್ಗಿ ತೆಳ್ಳಗಾಗುತ್ತದೆ, ಒಳಮಗ್ಗುಲು ಕುಗ್ಗಿ ದಪ್ಪವಾಗುತ್ತದೆ. ನಡುವೆ ಟೊಳ್ಳು ಇರುವುದರಿಂದ ಎರಡು ಮಗ್ಗುಲೂ ಒಳಕ್ಕೆ ಕುಸಿಯಲು ನೋಡುತ್ತವೆ. ಹಾಗೆ ಕುಸಿಯದಂತೆ ತಡೆಯುವುದೇ ಬಾಗಿಸುವವನ ಕೆಲಸವೆಲ್ಲ. ಹಳೆಯ ಕಮ್ಮಾರರು ಕೊಳವೆಯೊಳಗೆ ಒಣ ಮರಳನ್ನು ಗಟ್ಟಿಯಾಗಿ ತುಂಬಿ, ಎರಡು ತುದಿಗೂ ಬಿರಡೆ ಬಡಿದು, ಕಾಯಿಸಿ ಬಾಗಿಸುತ್ತಿದ್ದರು. ಮರಳಿನಲ್ಲಿ ತೇವವಿದ್ದರೆ ಹಬೆಯಾಗಿ ಬಿರಡೆ ಸಿಡಿಯುವ ಅಪಾಯವಿತ್ತು. ಹಿತ್ತಾಳೆಯ ತುತ್ತೂರಿ ಮಾಡುವವರು ಕರಗಿದ ಸೀಸವನ್ನೋ ರಾಳವನ್ನೋ ಒಳಗೆ ಹೊಯ್ದು, ಬಾಗಿಸಿದ ಮೇಲೆ ಮತ್ತೆ ಕರಗಿಸಿ ತೆಗೆಯುತ್ತಿದ್ದರು. ಉಪಾಯ ಬೇರೆ ಬೇರೆ, ತತ್ವ ಒಂದೇ.

ಸೈಕಲ್ಲಿನ ಹ್ಯಾಂಡಲ್ ಬಂದಮೇಲೆ ತೆಳುವಾದ ಕೊಳವೆಯನ್ನು ಸಾವಿರಗಟ್ಟಲೆ ಒಂದೇ ರೀತಿ ಬಾಗಿಸುವುದು ಕಾರ್ಖಾನೆಗಳಿಗೆ ಕರಗತವಾಯಿತು. 1925ರಲ್ಲಿ ಜರ್ಮನಿಯ ಡೆಸ್ಸೌ ಊರಿನ ‘ಬೌಹೌಸ್’ ಕಲಾಶಾಲೆಯಲ್ಲಿದ್ದ ಮಾರ್ಸೆಲ್ ಬ್ರಾಯರ್ ಎಂಬ ಹಂಗೇರಿಯ ತರುಣ ‘ಆಡ್ಲರ್’ ಕಂಪನಿಯ ಸೈಕಲ್ ಕೊಂಡು ಸವಾರಿ ಕಲಿಯುತ್ತಿದ್ದ. ಹ್ಯಾಂಡಲ್ ಹೀಗೆ ಬಾಗುವುದಾದರೆ ಕುರ್ಚಿ ಯಾಕೆ ಬಾಗಬಾರದು ಎಂದು ಅವನಿಗೆ ಹೊಳೆಯಿತು. ಸೈಕಲ್ ಕಂಪನಿ ಆಸಕ್ತಿ ತೋರಲಿಲ್ಲ. ಅವನು ಮನ್ನೆಸ್‌ಮನ್ನರ ಕೊಳವೆ ತರಿಸಿ, ನಲ್ಲಿ ರಿಪೇರಿಯವನೊಬ್ಬನ ಸಹಾಯದಿಂದ ಬೆಸೆದು ಕುರ್ಚಿ ಮಾಡಿದ. ಇವತ್ತು ಅದು ‘ವಾಸಿಲಿ ಕುರ್ಚಿ’ ಎಂದು ಪ್ರಖ್ಯಾತ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ, ಮದುವೆ ಛತ್ರದಲ್ಲಿ, ದಂತವೈದ್ಯರ ಜಗಲಿಯಲ್ಲಿ ನೀವು ಕೂತೆದ್ದ ಉಕ್ಕಿನ ಕೊಳವೆಯ ಕುರ್ಚಿಗಳೆಲ್ಲ ಅದೇ ವಂಶದವು.

ಆ ವಂಶದಲ್ಲಿಯೂ ಒಬ್ಬಾಕೆ ಇದ್ದಾಳೆ. ಪ್ಯಾರಿಸ್ಸಿನ ಶಾರ್ಲೊಟ್ ಪೆರಿಯಾಂಡ್. 1927ರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಆಕೆ ಕೆಲಸ ಕೇಳಿಕೊಂಡು ಲೆ ಕಾರ್ಬೂಸಿಯೆ ಹತ್ತಿರ ಹೋದಳು. ಮುಂದೆ ನಮ್ಮ ಚಂಡೀಗಢದ ನಕ್ಷೆ ಹಾಕಿದ ಅದೇ ವಾಸ್ತುಶಿಲ್ಪಿ. ಇಲ್ಲಿ ನಾವು ದಿಂಬಿಗೆ ಕಸೂತಿ ಹಾಕುವುದಿಲ್ಲ ಎಂದು ಹೇಳಿ ಅವನು ಅವಳನ್ನು ಕಳಿಸಿಬಿಟ್ಟ. ಕೆಲವೇ ದಿನಗಳಲ್ಲಿ ಪ್ರದರ್ಶನವೊಂದರಲ್ಲಿ ಆಕೆ ಹೊಳೆಯುವ ಲೋಹದಲ್ಲಿ ಮಾಡಿದ್ದ ಪೀಠೋಪಕರಣಗಳನ್ನು ಕಂಡು, ತಾನೇ ಕರೆದು ಕೆಲಸ ಕೊಟ್ಟ. ಅವರ ಕಚೇರಿಯಿಂದ ಬಂದ ಕೊಳವೆಯ ಕುರ್ಚಿಗಳ ಕೀರ್ತಿ ಬಹುಕಾಲ ಅವನ ಹೆಸರಿಗೇ ಹೋಯಿತು ಎನ್ನುವುದು ಬೇರೆ ಮಾತು. ಕಸೂತಿ ಹಾಕುವವಳಿಗೂ ಕೊಳವೆ ಬಾಗಿಸುವವಳಿಗೂ ಬೇಕಾದ ಕಣ್ಣಿನ ಅಳತೆ ಒಂದೇ ಎಂದು ನನ್ನ ಅನಿಸಿಕೆ.

ಕುರ್ಚಿ ಮುರಿದರೆ ಮನುಷ್ಯ ನೆಲಕ್ಕೆ ಬಿದ್ದು ನಗೆಪಾಟಲಾದಾನು. ಬಂಡಿಯ ವಿಷಯ ಹಾಗಲ್ಲ. ಇಲ್ಲಿಂದ ಕತೆ ಅಮೆರಿಕಕ್ಕೆ ಹೋಗುತ್ತದೆ. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ ಅಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. ಯುದ್ಧ ಮುಗಿದಮೇಲೆ ಉಳಿದವು ಜನಸಾಮಾನ್ಯರ ಕೈಗೆ ಬಂದವು. 1947ರಿಂದ ಮುಂಬಯಿಯಲ್ಲಿ ಮಹೀಂದ್ರದವರು ಅದೇ ಜೀಪನ್ನು ಜೋಡಿಸತೊಡಗಿದರು. ಕೊಡಗು ಮಲೆನಾಡಿನ ಕಾಫಿ ತೋಟದವರಿಗೆ ನಾನು ಅದರ ಗುಣಗಾನ ಮಾಡಬೇಕಾಗಿಲ್ಲ. ರಸ್ತೆ ಇಲ್ಲದಿದ್ದರೂ ಹೋಗಬಹುದು ಎಂಬ ರುಚಿ ಹತ್ತಿದ್ದು ಜೀಪಿನಿಂದಲೇ. ಕ್ಯಾಲಿಫೋರ್ನಿಯದ ಮರಳು ದಿಬ್ಬಗಳಲ್ಲಿ ಓಡಿಸಲು ಜನ ಮನೆಯ ಹಿತ್ತಲಿನಲ್ಲಿ, ಗ್ಯಾರೇಜಿನಲ್ಲಿ ಹಳೆಯ ಕಾರುಗಳನ್ನು ಕೊಯ್ದು ಹಗುರ ಬಂಡಿಗಳನ್ನು ಮಾಡಿಕೊಳ್ಳತೊಡಗಿದರು.

ಅವರಲ್ಲಿ ಬ್ರೂಸ್ ಮೇಯರ್ಸ್ ಎಂಬಾತ ಹೆಸರುವಾಸಿ. 1926ರಲ್ಲಿ ಹುಟ್ಟಿದವನು. ಯುದ್ಧದಲ್ಲಿ ಜಪಾನೀ ವಿಮಾನಗಳು ಅಪ್ಪಳಿಸಿದ ‘ಬಂಕರ್ ಹಿಲ್’ ಹಡಗಿನಲ್ಲಿದ್ದು ಬದುಕಿಬಂದವನು. ಗಾಜಿನ ನಾರಿನಿಂದ ದೋಣಿ ಮಾಡುವುದು ಅವನ ಕಸುಬು. 1964ರಲ್ಲಿ ಆ ಕಸುಬನ್ನೇ ಬಳಸಿ ‘ಮ್ಯಾಂಕ್ಸ್’ ಎಂಬ ಬಂಡಿ ಮಾಡಿದ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ತಳವನ್ನು ಸುಮಾರು 36 ಸೆಂಟಿಮೀಟರ್ ಕೊಯ್ದು ಗಿಡ್ಡಮಾಡಿ, ಮೇಲೆ ಅವನು ಮಾರುವ ಹಗುರ ಚಿಪ್ಪನ್ನು ಕೂರಿಸಿದರೆ ಬಂಡಿ ಸಿದ್ಧ. ಕೊಯ್ಯುವ ಕೆಲಸ ಕೊಂಡವರದೇ. 1967ರ ಏಪ್ರಿಲ್‌ನಲ್ಲಿ ಅವನೂ ಗೆಳೆಯ ಟೆಡ್ ಮ್ಯಾಂಗಲ್ಸ್‌ನೂ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯ ಎಂಬ ಉದ್ದನೆಯ ಪರ್ಯಾಯದ್ವೀಪವನ್ನು, ಲಾ ಪಾಜ್‌ನಿಂದ ಟಿಹ್ವಾನಾವರೆಗೆ, 34 ಗಂಟೆ 45 ನಿಮಿಷದಲ್ಲಿ ದಾಟಿದರು. 1962ರಲ್ಲಿ ಅಲ್ಲಿ ಮೊದಲ ದಾಖಲೆ ಮಾಡಿದ ಮೋಟಾರ್‌ಸೈಕಲ್ ಸವಾರರು ಎರಡು ತುದಿಯ ತಂತಿ ಕಚೇರಿಗಳಲ್ಲಿ ಮುದ್ರೆ ಹಾಕಿಸಿಕೊಂಡು ಹೊತ್ತು ಲೆಕ್ಕ ಹಿಡಿದಿದ್ದರು, ಅವರಿಗೆ 40 ಗಂಟೆಗೆ ನಾಲ್ಕೇ ನಿಮಿಷ ಕಡಿಮೆ ಹಿಡಿದಿತ್ತು. ಅದೇ 1967ರ ಅಕ್ಟೋಬರ್ 31ರಂದು ಅಲ್ಲಿ ದೊಡ್ಡ ಓಟದ ಸ್ಪರ್ಧೆಯೇ ಆರಂಭವಾಯಿತು. ಗೆದ್ದದ್ದು ಮ್ಯಾಂಕ್ಸ್ ಬಂಡಿಯೇ, 27 ಗಂಟೆ 38 ನಿಮಿಷದಲ್ಲಿ. ಬಂಡಿಯನ್ನು ಊರೂರಿನವರು ನಕಲು ಮಾಡಿದರು. ಮೇಯರ್ಸ್ ಕೋರ್ಟಿಗೆ ಹೋಗಿ ಸೋತ. ಕಂಪನಿ ಕೈಬಿಟ್ಟುಹೋಯಿತು. 2021ರಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡ.

ಆದರೆ ಗಾಜಿನಾರಿನ ಚಿಪ್ಪು ತಲೆ ಕಾಯುವುದಿಲ್ಲ. ಮರಳು ದಿಬ್ಬದ ನೆತ್ತಿಯಲ್ಲಿ ಬಂಡಿ ಮಗುಚುವುದು ಅಪರೂಪವೂ ಅಲ್ಲ. ಮೊದಲು ಸೀಟಿನ ಹಿಂದೆ ಒಂದು ಬಾಗಿದ ಕೊಳವೆ ಬಂತು, ಆಮೇಲೆ ನಾಲ್ಕು ಕಡೆಗೂ ಪಂಜರ ಬಂತು, ಕೊನೆಗೆ ಚಿಪ್ಪು ಹೋಗಿ ಇಡೀ ಬಂಡಿಯೇ ಪಂಜರವಾಯಿತು. ಆ ಕ್ಯಾಲಿಫೋರ್ನಿಯದ ಹಿತ್ತಲ ಬಂಡಿಯ ಮಾದರಿಯನ್ನೇ ಅಮೆರಿಕದ ಸೈನ್ಯ 1991ರ ಕೊಲ್ಲಿ ಯುದ್ಧದಲ್ಲಿ ಮರುಭೂಮಿಗೆ ಒಯ್ದಿತು. 1976ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮಕ್ಕಳಿಗಾಗಿ ‘ಮಿನಿ ಬಾಹಾ’ ಸ್ಪರ್ಧೆ ಶುರುವಾಯಿತು. ನಮ್ಮ ದೇಶದಲ್ಲಿ ಅದು ಆರಂಭವಾದದ್ದು 2007ರಲ್ಲಿ, ಮಧ್ಯಪ್ರದೇಶದ ಪೀಥಂಪುರದಲ್ಲಿ. ನಮ್ಮ ಹುಡುಗಿ ಪತ್ರಿಕೆಯಲ್ಲಿ ಸುತ್ತಿ ತಂದ ತುಂಡು ಈ ದಾರಿಯಲ್ಲಿ ಬಂದದ್ದು.

ಇನ್ನು ಅವಳ ನಿಜವಾದ ಪ್ರಶ್ನೆ, ಯಾವ ಯಂತ್ರ? ಅಮೆರಿಕದ ಗ್ಯಾರೇಜುಗಳಲ್ಲಿ ಮನೆಯವರು ಇದೇ ಪ್ರಶ್ನೆಯನ್ನು ದಶಕಗಳಿಂದ ಕೇಳಿಕೊಂಡಿದ್ದಾರೆ. ಅವರು ದುಡ್ಡು ಕಳೆದುಕೊಂಡು ಕಲಿತದ್ದನ್ನು ನಾನು ಓದಿ ಅವಳಿಗೆ ಹೀಗೆ ಬರೆದೆ.

ಮೊದಲನೆಯದಾಗಿ ಪೈಪು ಬೇರೆ, ಟ್ಯೂಬು ಬೇರೆ. ನಾವು ಎರಡಕ್ಕೂ ಕೊಳವೆ ಎಂದೇ ಅನ್ನುತ್ತೇವೆ. ಆದರೆ ನೀರು, ಗ್ಯಾಸ್ ಹರಿಸುವ ಪೈಪನ್ನು ಹೆಸರಿಸುವುದು ಒಳಗಿನ ಟೊಳ್ಳಿನ ಅಂದಾಜಿನಿಂದ. ಒಂದಿಂಚಿನ ಪೈಪಿನ ಹೊರವ್ಯಾಸ ಒಂದಿಂಚಲ್ಲ, 33.4 ಮಿಲಿಮೀಟರ್. ಚೌಕಟ್ಟು ಕಟ್ಟುವ ಟ್ಯೂಬನ್ನು ಅಳೆಯುವುದು ಹೊರವ್ಯಾಸದಿಂದ, ಒಂದಿಂಚು ಎಂದರೆ 25.4 ಮಿಲಿಮೀಟರ್. ಪೈಪಿಗೆ ಮಾಡಿದ ಅಚ್ಚಿನಲ್ಲಿ ಟ್ಯೂಬನ್ನು ಕೂರಿಸಿದರೆ ಅಕ್ಕನ ರವಿಕೆಯನ್ನು ತಂಗಿಗೆ ತೊಡಿಸಿದ ಹಾಗೆ. ಸುತ್ತಲೂ ಸಡಿಲ. ಅಚ್ಚು ಅದರ ಮಗ್ಗುಲುಗಳನ್ನು ಹಿಡಿದುಕೊಳ್ಳುವುದೇ ಇಲ್ಲ. ಇವರ ಸ್ಪರ್ಧೆಯ ನಿಯಮದಲ್ಲಿದ್ದ ಮೂಲ ಅಳತೆ 25 ಮಿಲಿಮೀಟರ್ ಹೊರವ್ಯಾಸ, 3 ಮಿಲಿಮೀಟರ್ ದಪ್ಪದ ಗೋಡೆ, ಉಕ್ಕಿನಲ್ಲಿ ಕನಿಷ್ಠ ಶೇಕಡ 0.18 ಇಂಗಾಲ. ವರ್ಕ್‌ಶಾಪಿನ ಯಂತ್ರದಲ್ಲಿದ್ದದ್ದು ಒಂದಿಂಚಿನ ಪೈಪಿನ ಅಚ್ಚು. ಅರ್ಧ ತಪ್ಪು ಅಲ್ಲಿಯೇ ಸಿಕ್ಕಿತು.

ಉಳಿದರ್ಧ ಯಂತ್ರದ ಬಗೆಯಲ್ಲಿ. ಅದು ಜ್ಯಾಕಿನಿಂದ ಒತ್ತುವ ಯಂತ್ರ. ಕೊಳವೆಯ ಎರಡು ಕಡೆ ಆಸರೆ ಕೊಟ್ಟು ನಡುವೆ ಒತ್ತುತ್ತದೆ, ಕಬ್ಬನ್ನು ಮೊಣಕಾಲಿಗೆ ಕೊಟ್ಟು ಮುರಿದ ಹಾಗೆ. ದಪ್ಪ ಗೋಡೆಯ ನೀರಿನ ಪೈಪಿಗೆ ಸಾಕು. ಬೆಲೆಯೂ ಅಗ್ಗ. ಹೊಸದಾಗಿ ಬಂಡಿ ಕಟ್ಟಲು ಹೊರಟವರು ಮೊದಲು ಕೊಳ್ಳುವುದು ಅದನ್ನೇ, ಎರಡನೆಯ ಸಲ ಬೇರೆ ಕೊಳ್ಳುವುದೂ ಅದರಿಂದಲೇ. ಮೂರು ಉರುಳೆಗಳ ಯಂತ್ರ ಇನ್ನೊಂದು. ಅದು ನಮ್ಮ ಹಿತ್ತಲ ಚಪ್ಪರದ ಕಮಾನಿನಂಥ ದೊಡ್ಡ ಸುತ್ತಿಗೆ ಒಳ್ಳೆಯದು, ಪಂಜರದ ಬಿಗಿಯಾದ ಮೂಲೆಗಳಿಗೆ ಆಗದು. ಮೂರನೆಯದು ತಿರುಗುವ ಅಚ್ಚಿನ ಯಂತ್ರ. ಕೊಳವೆಯ ಅರ್ಧ ಮೈಯನ್ನು ಸರಿಯಾಗಿ ಹಿಡಿಯುವ ಕೊರಕಲು ಇರುವ ದುಂಡನೆಯ ಅಚ್ಚು. ಕೊಳವೆಯ ತುದಿಯನ್ನು ಅದಕ್ಕೆ ಬಿಗಿದು ಅಚ್ಚನ್ನು ತಿರುಗಿಸಿದರೆ ಕೊಳವೆ ಅದರ ಸುತ್ತ ಎಳೆದುಕೊಂಡು ಬರುತ್ತದೆ. ಹೊರಮಗ್ಗುಲಿನ ಅರ್ಧವನ್ನು ಇನ್ನೊಂದು ಅಚ್ಚು ಒತ್ತಿ ಹಿಡಿದಿರುತ್ತದೆ. ಕುಸಿಯಬೇಕೆಂದರೂ ಕೊಳವೆಗೆ ಜಾಗವಿಲ್ಲ. ಮರಳು ಒಳಗಿನಿಂದ ಮಾಡುತ್ತಿದ್ದ ಕೆಲಸವನ್ನು ಇದು ಹೊರಗಿನಿಂದ ಮಾಡುತ್ತದೆ. ಒಳಗೂ ಲೋಹದ ಗುಂಡು ಇಟ್ಟು ಬಾಗಿಸುವ ನಾಲ್ಕನೆಯ ಬಗೆಯೂ ಇದೆ, ಮ್ಯಾಂಡ್ರೆಲ್ ಎನ್ನುತ್ತಾರೆ. ಹೊಗೆ ಕೊಳವೆಯಂಥ ತೆಳು ಗೋಡೆಯವಕ್ಕೆ ಅದು ಬೇಕು. ಬಹಳ ದುಬಾರಿ. ಪಂಜರದ ದಪ್ಪ ಕೊಳವೆಗೆ, ಬಾಗು ತೀರ ಬಿಗಿಯಾಗಿಲ್ಲದಿದ್ದರೆ, ಅದರ ಅಗತ್ಯವಿಲ್ಲ.

ಹಾಗಾದರೆ ಮೂರನೆಯದೇ ಸರಿ. ಕೈಯಿಂದ ಉದ್ದನೆಯ ಹಿಡಿ ಎಳೆದು ತಿರುಗಿಸುವುದು ಅಗ್ಗ, ಹೈಡ್ರಾಲಿಕ್ ಒತ್ತಡದ್ದು ದುಬಾರಿ. ಆದರೆ ಕೈಯಂತ್ರವನ್ನು ನೆಲದ ಕಾಂಕ್ರೀಟಿಗೆ ಭದ್ರವಾಗಿ ಬೋಲ್ಟ್ ಮಾಡಬೇಕು, ಇಲ್ಲವಾದರೆ ಕೊಳವೆ ಬಾಗುವ ಬದಲು ಯಂತ್ರವೇ ಎದ್ದುಬರುತ್ತದೆ. ಕೊಳ್ಳುವಾಗ ಯಂತ್ರದ ಬೆಲೆಯನ್ನು ಮಾತ್ರ ನೋಡಬಾರದು. ಚಕ್ಕುಲಿ ಒರಳಿಗೆ ಬಿಲ್ಲೆಗಳು ಬೇರೆ ಬೇರೆ ಇರುವ ಹಾಗೆ ಇಲ್ಲಿ ಒಂದೊಂದು ಅಳತೆಯ ಕೊಳವೆಗೂ ಒಂದೊಂದು ಅಚ್ಚು, ಎಲ್ಲ ಸೇರಿದರೆ ಯಂತ್ರಕ್ಕಿಂತ ಹೆಚ್ಚಾಗುವುದೂ ಉಂಟು. ಮೊದಲು ಬಂಡಿಯ ನಕ್ಷೆ ಮುಗಿಸಿ, ಯಾವ ಅಳತೆ ಬೇಕೋ ಅದರ ಅಚ್ಚನ್ನಷ್ಟೇ ಕೊಳ್ಳಬೇಕು. ಅಮೆರಿಕದ ಅಚ್ಚುಗಳು ಇಂಚಿನ ಲೆಕ್ಕದವು. ನಮ್ಮ 25 ಮಿಲಿಮೀಟರ್ ಕೊಳವೆಗೆ 25.4ರ ಅಚ್ಚು ಚೂರು ಸಡಿಲವೇ. ಅದನ್ನೂ ಕೇಳಿ ತಿಳಿದುಕೊಳ್ಳಬೇಕು. ಉಕ್ಕಿಗೆ ಹಟ ಇದೆ. 90 ಡಿಗ್ರಿಗೆ ಬಾಗಿಸಿ ಬಿಟ್ಟರೆ ಸ್ವಲ್ಪ ಹಿಂದಕ್ಕೆ ಬರುತ್ತದೆ, ಅಷ್ಟನ್ನು ಮೊದಲೇ ಹೆಚ್ಚಾಗಿ ಬಾಗಿಸಬೇಕು. ಎಷ್ಟೆಂದು ತಿಳಿಯಲು ಯಂತ್ರದಲ್ಲಿ ಡಿಗ್ರಿ ಗುರುತಿನ ಬಳೆ ಇರಬೇಕು, ಒಂದೆರಡು ತುಂಡು ಕೊಳವೆ ಕೆಡಿಸಲು ಮನಸ್ಸೂ ಇರಬೇಕು.

ಬಾಗಿಸಿದ್ದು ಸರಿಯಾಯಿತೋ ಇಲ್ಲವೋ ಎಂದು ಯಾರ ಬಾಯಿಮಾತನ್ನೂ ನಂಬಬೇಕಾಗಿಲ್ಲ. ಜಗತ್ತಿನ ಮೋಟಾರು ಕ್ರೀಡೆಗಳ ಮೇಲಿನ ಸಂಸ್ಥೆ ಎಫ್‌ಐಎ ಪಂಜರಗಳಿಗೆ ಒಂದು ನಿಯಮ ಮಾಡಿದೆ. ಕೊಳವೆಯನ್ನು ಕಾಯಿಸದೆ ತಣ್ಣಗೇ ಬಾಗಿಸಬೇಕು. ಬಾಗಿನ ತ್ರಿಜ್ಯ ಕೊಳವೆಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಇರಬಾರದು. ಬಾಗಿದ ಜಾಗ ಮೊಟ್ಟೆಯ ಆಕಾರವಾದರೆ, ಕಿರಿದಾದ ಅಳತೆಯನ್ನು ಹಿರಿದಾದ ಅಳತೆಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬರಬಾರದು. ಇದು ಹುಡುಗಿಯ ಸ್ಪರ್ಧೆಗೆ ಹಾಕಿದ ನಿಯಮವಲ್ಲ, ಆದರೆ ಉಕ್ಕಿಗೆ ಸ್ಪರ್ಧೆ ಯಾವುದೆಂದು ಗೊತ್ತಿರುವುದಿಲ್ಲವಲ್ಲ. ಶಾಲೆಯ ಪ್ರಯೋಗಾಲಯದಿಂದ ವರ್ನಿಯರ್ ತಂದು ಅವಳು ಬಿಟ್ಟುಹೋಗಿದ್ದ ತುಂಡನ್ನು ನಾನೇ ಅಳೆದೆ. ಒಂದು ಕಡೆ 21.5, ಇನ್ನೊಂದು ಕಡೆ 27. ಭಾಗಿಸಿದರೆ 0.8ರ ಒಳಗೆ. ಹಲಗೆಯನ್ನು ನಿಲ್ಲಿಸಿ ಭಾರ ಹೇರಿದರೆ ತಡೆಯುತ್ತದೆ, ಮಲಗಿಸಿ ಹೇರಿದರೆ ಬಳುಕುತ್ತದೆ ಎಂಬುದು ಅಟ್ಟ ಕಟ್ಟಿದವರಿಗೆಲ್ಲ ಗೊತ್ತು. ಚಪ್ಪಟೆಯಾದ ಕೊಳವೆ ಮಲಗಿದ ಹಲಗೆಯ ಸಂಬಂಧಿ. ನೆರಿಗೆ ಬಿದ್ದಲ್ಲಿಂದಲೇ ಅದು ಮತ್ತೆ ಮಡಿಯುತ್ತದೆ.

ಈ ಅಂಕಿಗಳನ್ನು ಅವಳಿಗೆ ಕಳಿಸಿದೆ. “ಹೆದರಿಕೆ ಅಂತ ಹೇಳಬೇಡ, 0.8 ಅಂತ ಹೇಳು” ಎಂದು ಬರೆದೆ. ಅವಳು ಉಳಿದ ಕೊಳವೆಗಳನ್ನೂ ಎಲ್ಲರೆದುರು ಅಳೆದು ತೋರಿಸಿದಳಂತೆ. ಅಂಕಿಯ ಜೊತೆ ಜಗಳವಾಡಲು ಯಾರಿಗೂ ಆಗಲಿಲ್ಲ. ಆದರೆ ಅಂಕಿ ಕೊಟ್ಟವಳ ಮೇಲೆ ಸಿಟ್ಟು ಮಾಡಲು ಆಗುತ್ತದಲ್ಲ! ಕಟ್ಟಿದ್ದನ್ನು ಕೊಯ್ದು ಹಾಕಿದರು. ಎಲ್ಲರೂ ಕೈಯಿಂದ ಹಣ ಹಾಕಿ, ನಾನೂ ಸ್ವಲ್ಪ ಸೇರಿಸಿ, ತಿರುಗುವ ಅಚ್ಚಿನ ಕೈಯಂತ್ರವೊಂದನ್ನು ತರಿಸಿದರು. ಅದು ಬಂದು, ನೆಲಕ್ಕೆ ಕೂತು, ಕೈ ಪಳಗುವಷ್ಟರಲ್ಲಿ ಸ್ಪರ್ಧೆ ಮುಗಿದೇ ಹೋಗಿತ್ತು. ಆ ವರ್ಷ ಅವರು ಹೋಗಲಿಲ್ಲ. ಕೊನೆಯ ವರ್ಷದ ನಾಲ್ಕು ಹುಡುಗರಿಗೆ ಅದೇ ಕೊನೆಯ ಅವಕಾಶವಾಗಿತ್ತು. ಅವರು ಇವಳೊಡನೆ ಮಾತು ಬಿಟ್ಟರು. ಒಂದು ರಾತ್ರಿ ಫೋನಿನಲ್ಲಿ ಅತ್ತಳು. ನಾನು ಸಮಾಧಾನದ ಮಾತು ಹುಡುಕಿದೆ, ಸಿಗಲಿಲ್ಲ. ಸರಿಯಾದದ್ದನ್ನು ಹೇಳಿದವರಿಗೆ ಇತಿಹಾಸದಲ್ಲಿ ಕೂಡಲೇ ಹಾರ ಹಾಕಿದ ಉದಾಹರಣೆಗಳು ಕಡಿಮೆ.

ಮಾರನೆಯ ವರ್ಷ ಬಂಡಿ ಹೋಯಿತು. ಬಹುಮಾನವೇನೂ ಬರಲಿಲ್ಲ. ಅಭ್ಯಾಸದ ದಿಬ್ಬದ ಮೇಲೆ ಇವಳು ಬಂಡಿಯೊಳಗೆ ಕೂತಿರುವ ಫೋಟೋ ಕಳಿಸಿದ್ದಳು. ನಾನು ಅವಳ ಮುಖವನ್ನು ಆಮೇಲೆ ನೋಡಿದೆ. ಮೊದಲು ನೋಡಿದ್ದು ತಲೆಯ ಮೇಲಿನ ಕೊಳವೆಯನ್ನು. ಬಾಗಿದ ಜಾಗದಲ್ಲಿ ಎಲ್ಲಿಯೂ ನೆರಿಗೆ ಇರಲಿಲ್ಲ. ತಂಗಿಗೂ ಆಗ ತೋರಿಸಿದೆ. ಅವಳು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಹಳೆಯ ತುಂಡು ನಮ್ಮ ಮನೆಯಲ್ಲೇ ಉಳಿದಿದೆ. ಅತ್ತೆ ಅದನ್ನು ಹಂಡೆಯೊಲೆಯ ಪಕ್ಕ ಇಟ್ಟಿದ್ದರು, ಊದಿ ನೋಡಿದ್ದೂ ಉಂಟಂತೆ, ಗಾಳಿ ಸರಿಯಾಗಿ ಹೋಗುವುದಿಲ್ಲವೆಂದು ಬಿಟ್ಟರು. ಈಗ 1885ರ ಪಾಠದ ದಿನ ನಾನು ಅದನ್ನು ತರಗತಿಗೆ ಒಯ್ಯುತ್ತೇನೆ. ಮಕ್ಕಳು ಕೈಯಿಂದ ಕೈಗೆ ದಾಟಿಸುತ್ತಾ ಆ ನೆರಿಗೆಯ ಮೇಲೆ ಬೆರಳಾಡಿಸುತ್ತಾರೆ.